ಗಾಲಾ ರಾತ್ರಿಗೆ ಟಕ್ಸಿಡೊ ಕೊಳ್ಳಲೇಬೇಕಾಗಿಲ್ಲ

ಕ್ವೀನ್ ಮೇರಿ 2 ಹಡಗಿನಲ್ಲಿ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೊರಟಿದ್ದೀರಿ, ಯಜಮಾನರಿಗೂ 9 ವರ್ಷದ ಮಗನಿಗೂ ಟಕ್ಸಿಡೊ (ಬೋ ಟೈ ಜೊತೆ ತೊಡುವ ವಿಶೇಷ ಸಂಜೆಯ ಸೂಟು) ಬೇಕೇ ಬೇಕಾ ಅಂತ ಕೇಳಿದ್ದೀರಿ. ಬೇಡ. ಸುಮ್ನೆ ಅಷ್ಟು ದುಡ್ಡು ಹಾಕಬೇಡಿ.

7 ರಾತ್ರಿಯ ಪಯಣದಲ್ಲಿ ಸಾಮಾನ್ಯವಾಗಿ 2 ಗಾಲಾ ಸಂಜೆಗಳಿರುತ್ತವೆ, ಅಂದರೆ ಎಲ್ಲರೂ ಚೆನ್ನಾಗಿ ಸಿಂಗರಿಸಿಕೊಂಡು ಬರುವ ಸಂಜೆಗಳು. ಅವಕ್ಕೆ ಕಪ್ಪು ಅಥವಾ ಕಡುನೀಲಿ ಸೂಟು, ಟೈ ಸಾಕು. ಹಡಗಿನ ಕಂಪನಿ ಕ್ಯುನಾರ್ಡ್‌ನವರು ಅವರವರ ದೇಶದ ಸಾಂಪ್ರದಾಯಿಕ ಉಡುಪನ್ನೂ ಒಪ್ಪುತ್ತಾರೆ. ಹಾಗಾಗಿ ಮದುವೆಗೆ ಹೊಲಿಸಿದ ಬಂಧ್‌ಗಲಾ ಬೀರುವಿನಲ್ಲಿದ್ದರೆ ಅದನ್ನೇ ಒಯ್ಯಿರಿ. ಕಡು ಬಣ್ಣದ ಬಂಧ್‌ಗಲಾ, ಇಸ್ತ್ರಿ ಮಾಡಿದ ಪ್ಯಾಂಟು, ಪಾಲಿಶ್ ಮಾಡಿದ ಕಪ್ಪು ಶೂ. ಟೈ ಗಂಟಿನ ತಲೆನೋವೂ ಇಲ್ಲ. ನನಗಂತೂ ಬಾಡಿಗೆ ಟಕ್ಸಿಡೊಗಿಂತ ಅದೇ ಚೆಂದ.

ಹುಡುಗನಿಗೆ ಬಿಳಿ ಶರ್ಟು, ಕಪ್ಪು ಪ್ಯಾಂಟು, ಕ್ಲಿಪ್ ಹಾಕುವ ಬೋ ಟೈ. ಮೇಲೊಂದು ವೇಸ್ಟ್‌ಕೋಟ್ ಇದ್ದರೆ ಇನ್ನೂ ಲಕ್ಷಣ. ಈ ವಯಸ್ಸಿನ ಮಕ್ಕಳು ಬೇಗ ಬೆಳೆಯುತ್ತಾರೆ ಅಲ್ವಾ, ಪ್ಯಾಂಟಿನ ಅಂಚು ಒಳಗೆ ಎರಡು ಇಂಚು ಮಡಿಸಿ ಹೊಲಿಸಿ. ಹೊಸ ಶೂ ಆದರೆ ಮನೆಯಲ್ಲೇ ಒಂದು ವಾರ ಹಾಕಿಸಿ. ಹಿಮ್ಮಡಿ ಕಚ್ಚಿದರೆ ಮಗು ಊಟವನ್ನೇ ಮಾಡುವುದಿಲ್ಲ.

ಉಳಿದ ಸಂಜೆಗಳಿಗೆ ಕಾಲರ್ ಇರುವ ಶರ್ಟು, ಒಳ್ಳೆ ಪ್ಯಾಂಟು ನಡೆಯುತ್ತದೆ. ಇಸ್ತ್ರಿಪೆಟ್ಟಿಗೆ ಒಯ್ಯಬೇಡಿ, ಕ್ಯಾಬಿನ್‌ನಲ್ಲಿ ಬಳಸಲು ಬಿಡುವುದಿಲ್ಲ. ಹಡಗಿನ ಲಾಂಡ್ರಿ ಕೋಣೆಗಳಲ್ಲಿ ಉಚಿತವಾಗಿ ಸಿಗುತ್ತದೆ.

ಮಗ ಒಂದು ರಾತ್ರಿ ಹಟ ಹಿಡಿದು ಟೈ ಬೇಡವೇ ಬೇಡ ಅಂದರೆ ಬಲವಂತ ಮಾಡಬೇಡಿ. ಹಡಗಿನಲ್ಲೇ ಇರುವ ಕಿಂಗ್ಸ್ ಕೋರ್ಟ್ ಬಫೆಗೆ ಕರೆದುಕೊಂಡು ಹೋಗಿ. ಗಾಲಾ ದಿನವೂ ಅಲ್ಲಿ ಸರಳ ಬಟ್ಟೆಯಲ್ಲೇ ಊಟ ಮಾಡಬಹುದು.