3ಕ್ಕೂ ಬೇಡ, 9ಕ್ಕೂ ಬೇಡ

ಸುತ್ತ 14 ವೈಫೈ ಕಾಣುತ್ತವೆ, ಎಲ್ಲ 1, 6, 11ನೇ ಚಾನೆಲಿನಲ್ಲೇ ಇವೆ, ನನ್ನ ರೂಟರನ್ನು ಖಾಲಿ ಇರುವ 3ಕ್ಕೋ 9ಕ್ಕೋ ಹಾಕಲಾ ಅಂತ ಕೇಳಿದ್ದೀರಿ. ಹಾಕಬೇಡಿ ಮಾರಾಯ್ರೇ. ನಾನು ಹಾಕಿ ಆರು ವಾರ ಅನುಭವಿಸಿದ್ದೇನೆ.

2020ರಲ್ಲಿ ಉಪ್ಪಳದ ಒಂದು ಕ್ವಾರ್ಟರ್ಸಿನಲ್ಲಿದ್ದೆವು. ಮೇಲೆ ಕೆಳಗೆ ಸೇರಿ ಎಂಟು ಬಾಡಿಗೆ ಮನೆ, ಎಂಟರಲ್ಲೂ ರೂಟರು. ಮಗಳಿಗೆ ಆನ್‌ಲೈನ್ ಕ್ಲಾಸು, ನನಗೆ ಮಂಗಳೂರು ಆಫೀಸಿನ ಮೀಟಿಂಗು. ಯಾವ ಚಾನೆಲಿನಲ್ಲಿ ಯಾವ ವೈಫೈ ಅಂತ ಗುಡ್ಡದ ಹಾಗೆ ಗೀಚಿ ತೋರಿಸುವ ವೈಫೈ ಅನಲೈಸರ್ ಆ್ಯಪನ್ನು ಫೋನಿನಲ್ಲಿ ತೆರೆದರೆ 1ರಲ್ಲೂ 6ರಲ್ಲೂ ಗುಡ್ಡದ ಮೇಲೆ ಗುಡ್ಡ, 11ರಲ್ಲಿ ರಸ್ತೆಯಾಚೆಯ ಅಂಗಡಿಯದ್ದೊಂದು ಸಣ್ಣ ದಿಬ್ಬ, 3 ಮಾತ್ರ ಬೋಳು. ದೊಡ್ಡ ಬುದ್ಧಿವಂತನ ಹಾಗೆ 3ಕ್ಕೆ ಹಾಕಿದೆ. ಆ ಸಂಜೆಯಿಂದಲೇ ಟೀಚರ ಮುಖ ಬಾಯಿ ತೆರೆದಲ್ಲೇ ನಿಲ್ಲತೊಡಗಿತು. ಅದೇ ಕೋಣೆಯಲ್ಲಿ ಕೂತು ರೂಟರಿಗೇ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡುವ ಪರೀಕ್ಷೆ) ಕೊಟ್ಟರೆ 3 ಮಿಲಿಸೆಕೆಂಡು, 5, ಮತ್ತೆ 480, ಮತ್ತೆ ಉತ್ತರವೇ ಇಲ್ಲ. ಕನೆಕ್ಷನ್ ಹಾಕಿದ ಹುಡುಗನನ್ನು ಎರಡು ಸಲ ಕರೆಸಿ ಬೈದೆ, ಪಾಪ.

ಚಾನೆಲ್ ನಂಬರು ಬಸ್ಸಿನ ಸೀಟ್ ನಂಬರಿನ ಹಾಗೆ ಅಂತ ತಿಳಿದದ್ದೇ ನನ್ನ ತಪ್ಪು. ಈ ಚಾನೆಲುಗಳಿರುವ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ, ಅಂದರೆ ವೈಫೈ ಅಲೆಗಳ ಪಟ್ಟಿಯಲ್ಲಿ, ಒಂದು ನಂಬರಿಗೂ ಮುಂದಿನದಕ್ಕೂ ಅಂತರ ಬರೇ 5 ಮೆಗಾಹರ್ಟ್ಸ್. ರೂಟರಿಗೆ ಬೇಕಾದ ಜಾಗ ಕಡಿಮೆಯೆಂದರೂ 20. 3ರ ನಡು 2422. ಅಲ್ಲಿ ಕೂತವನು 2412ರಿಂದ 2432ರವರೆಗೆ ಕಾಲು ಚಾಚುತ್ತಾನೆ. 1ರವರು 2422ರವರೆಗೆ ಇದ್ದಾರೆ, 6ರವರು 2427ಕ್ಕೇ ಶುರು. ಖಾಲಿ ಸೀಟು ಅಂದುಕೊಂಡು ಎರಡೂ ಕಡೆಯವರ ತೊಡೆಯ ಮೇಲೆ ಕೂತಿದ್ದೆ.

ಒಂದೇ ಚಾನೆಲಿನ ರೂಟರುಗಳು ತಾಳಮದ್ದಳೆಯ ಅರ್ಥಧಾರಿಗಳ ಹಾಗೆ, ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಾರೆ. ತಡವಾಗುತ್ತದೆ, ಮಾತು ಹೆಚ್ಚಾಗಿ ಕೆಡುವುದಿಲ್ಲ. ಅರ್ಧಂಬರ್ಧ ತಾಗುವ ಚಾನೆಲ್ ಪಕ್ಕದ ಗದ್ದೆಯ ಗಾನಮೇಳದ ಮೈಕು. ಗಲಾಟೆ ಕೇಳುತ್ತದೆ, ಪದ ತಿಳಿಯುವುದಿಲ್ಲ, ಹೆಚ್ಚಾಗಿ ಯಾರೂ ಯಾರಿಗೂ ಕಾಯುವುದಿಲ್ಲ. ಆಚೆಮನೆಯ ಇಚ್ಚನ ಟಿವಿಯೂ ಆಗ ನನ್ನಿಂದಾಗಿಯೇ ನಿಲ್ಲುತ್ತಿತ್ತು. ಅವರು ಬಂದು ಉಪಾಯ ಕೇಳಿದ್ದೂ ನನ್ನಲ್ಲೇ!

11ಕ್ಕೆ ಹಾಕಿ, ಚಾನೆಲ್ ಅಗಲವನ್ನು 40ರಿಂದ 20ಕ್ಕೆ ಇಳಿಸಿದ ಮೇಲೆ ಕ್ಲಾಸು ನಡೆಯಿತು.

ಆದರೆ ನಿಮ್ಮಲ್ಲಿ 11ರಲ್ಲೂ ಜನ. ಒಂದಕ್ಕೊಂದು ತಾಗದೆ ಇರುವ 1, 6, 11 ಅನ್ನುವ ಮೂರು ಸಾಲಿಗೆ 14 ಮನೆ ಹೇಗೆ ಹಂಚಿದರೂ ಇಕ್ಕಟ್ಟೇ, ಹಾಗಾಗಿ ಯಾವ ಚಾನೆಲ್ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ರೂಟರಿನಲ್ಲಿ 5 ಗಿಗಾಹರ್ಟ್ಸ್ ಬ್ಯಾಂಡೂ ಇದ್ದರೆ ಲ್ಯಾಪ್‌ಟಾಪು, ಫೋನು ಎಲ್ಲ ಅಲ್ಲಿಗೆ ಸಾಗಿಸಿ. ಅಲ್ಲಿ 36, 40, 44, 48 ಒಂದಕ್ಕೊಂದು ತಾಗುವುದಿಲ್ಲ, 20ರ ಅಗಲದಲ್ಲಿ. ಕೆಂಪುಕಲ್ಲಿನ ಎರಡು ಗೋಡೆ ದಾಟುವಾಗ ಅದು ಸೋಲುತ್ತದೆ ಅಂತ ಜನ ದೂರುತ್ತಾರೆ. ನನಗೆ ಅದೇ ಇಷ್ಟ, ಪಕ್ಕದ ಮನೆಯದ್ದೂ ಒಳಗೆ ಬರುವಾಗ ಅಷ್ಟೇ ಸೋತಿರುತ್ತದೆ. 5 ಹಿಡಿಯದ ಹಳೇ ಟಿವಿ ಇದ್ದರೆ ಲ್ಯಾನ್ ಕೇಬಲ್ ಎಳೆಯಿರಿ.

ಅಂದಹಾಗೆ, ರೂಟರು ಮೂಲೆಯ ಕಬ್ಬಿಣದ ಕಪಾಟಿನ ಹಿಂದೆ ಇದೆ ಅಂದಿದ್ದೀರಲ್ಲ. ಈ ಉತ್ತರ ಓದಿ ಮುಗಿಸುವ ಮೊದಲೇ ಅದನ್ನು ಅಲ್ಲಿಂದ ತೆಗೆದು ಚಾವಡಿಗೆ ತನ್ನಿ.