ಅನ್‌ಬೌಂಡ್ ಸರ್ವರ್‌ಗೆ ನೇಮ್‌ಕಾಯಿನ್ ಜೋಡಿಸಿದ ಮೇಲೂ ಡಾಟ್ ಬಿಟ್ ಹೆಸರುಗಳಿಗೆ ಸರ್ವ್‌ಫೇಲ್ ಬರುವುದೇಕೆ?

ನೀವು ಹೇಳಿದ್ದು ಇಷ್ಟು: ಇಡೀ ನೆಟ್‌ವರ್ಕಿಗೆ ಒಂದು ಅನ್‌ಬೌಂಡ್ ಸರ್ವರ್ (ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ರೆಸಾಲ್ವರ್) ಇದೆ, ಅದೇ ಯಂತ್ರದಲ್ಲಿ ನೇಮ್‌ಕಾಯಿನ್ (ಡಾಟ್ ಬಿಟ್ ಹೆಸರುಗಳನ್ನು ಬ್ಲಾಕ್‌ಚೈನ್‌ನಲ್ಲಿ ಇಡುವ ವ್ಯವಸ್ಥೆ) ನೋಡ್ ಮತ್ತು ಆ ಹೆಸರುಗಳನ್ನು ಡಿಎನ್‌ಎಸ್ ಉತ್ತರವಾಗಿ ಕೊಡುವ ಎನ್‌ಸಿಡಿಎನ್‌ಎಸ್ ಓಡುತ್ತಿವೆ, ಬಿಟ್ ಜೋನಿಗೆ (ಡಾಟ್ ಬಿಟ್ ಎಂದು ಕೊನೆಯಾಗುವ ಹೆಸರುಗಳಿಗೆ) ಫಾರ್ವರ್ಡ್ ಬರೆದಿದ್ದೀರಿ, ಆದರೂ ಸಿಗುವುದು ಸರ್ವ್‌ಫೇಲ್, ಅಂದರೆ ಸರ್ವರ್‌ಗೆ ಉತ್ತರ ಕೊಡಲಾಗಲಿಲ್ಲ ಎಂಬ ದೋಷ. ಇಂಥ ಕಡೆ ತಪ್ಪು ಬ್ಲಾಕ್‌ಚೈನ್‌ನಲ್ಲಿ ಇರುವುದು ಅಪರೂಪ. ಎಲ್ಲಿಂದಲೋ ಬಂದ ಉತ್ತರವನ್ನು ನಂಬಬಾರದೆಂದೇ ಅನ್‌ಬೌಂಡ್ ಅನ್ನು ಕಟ್ಟಿರುವುದು. ಅದು ತನ್ನ ಕೆಲಸ ಮಾಡುತ್ತಿದೆ ಅಷ್ಟೆ. (ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಿ.)

ಅನ್‌ಬೌಂಡ್ ಮುಟ್ಟುವ ಮೊದಲು ಹಿಂದಿನ ಎರಡು ಕೊಂಡಿಗಳನ್ನು ನೋಡಿಬಿಡಿ. ನೇಮ್‌ಕಾಯಿನ್‌ನಲ್ಲಿ ಡೊಮೇನ್ ಹೆಸರುಗಳು "ಡಿ/" ಎಂಬುದರಿಂದ ಶುರುವಾಗುತ್ತವೆ. ಹೆಸರು ಕೊಟ್ಟು ನೇಮ್-ಶೋ ಕೇಳಿದರೆ ಜೇಸನ್ ರೂಪದ ಮೌಲ್ಯ, ಜೊತೆಗೆ ಅವಧಿ ಮುಗಿಯಲು ಇನ್ನೆಷ್ಟು ಬ್ಲಾಕ್ ಬಾಕಿ ಎಂಬುದು ಬರಬೇಕು. ಒಂದು ಹೆಸರಿನ ಆಯಸ್ಸು 36,000 ಬ್ಲಾಕ್, ಹೆಚ್ಚುಕಡಿಮೆ 250 ದಿನ. ಯಜಮಾನ ನವೀಕರಿಸದೆ ಬಿಟ್ಟ ಹೆಸರನ್ನು ಪರೀಕ್ಷೆಗೆ ಇಟ್ಟುಕೊಂಡು ಗಂಟೆಗಟ್ಟಲೆ ಒದ್ದಾಡಬೇಡಿ. ನೋಡ್ ಪೂರ್ತಿ ಸಿಂಕ್ ಆಗಿಲ್ಲದಿದ್ದರೂ ಸರಿಯಾದ ಉತ್ತರ ಬರುವುದಿಲ್ಲ. ಗೆಟ್-ಬ್ಲಾಕ್‌ಚೈನ್-ಇನ್ಫೋದಲ್ಲಿ ಬ್ಲಾಕ್ ಸಂಖ್ಯೆಯೂ ಹೆಡರ್ ಸಂಖ್ಯೆಯೂ ಒಂದೇ ಇವೆಯೇ ನೋಡಿ.

ಎನ್‌ಸಿಡಿಎನ್‌ಎಸ್ ನೋಡ್ ಜೊತೆ ಮಾತಾಡುವುದು 8336ನೇ ಪೋರ್ಟಿನ ಆರ್‌ಪಿಸಿ (ಬೇರೆ ಪ್ರೋಗ್ರಾಂಗಳು ನೋಡನ್ನು ಪ್ರಶ್ನೆ ಕೇಳುವ ದಾರಿ) ಮೂಲಕ. ಅದರ ಪಾಸ್‌ವರ್ಡಿಗೆ ನೋಡ್ ತಾನೇ ಬರೆಯುವ ಕುಕೀ ಫೈಲ್ ಬಳಸಿದ್ದರೆ ಎಚ್ಚರ: ಆ ಫೈಲನ್ನು ಸಾಮಾನ್ಯವಾಗಿ ನೋಡ್ ಓಡಿಸುವ ಯೂಸರ್ ಒಬ್ಬನೇ ಓದಬಲ್ಲ, ನೋಡ್ ರೀಸ್ಟಾರ್ಟ್ ಆದಾಗಲೆಲ್ಲ ಅದು ಹೊಸದಾಗುತ್ತದೆ. ಎನ್‌ಸಿಡಿಎನ್‌ಎಸ್ ಬೇರೆ ಯೂಸರ್ ಹೆಸರಲ್ಲಿ ಓಡುತ್ತಿದ್ದರೆ ಅನುಮತಿ ಸಿಗದೆ ಬೀಳುತ್ತದೆ. ರೆಸಾಲ್ವರ್ ಯಂತ್ರದಲ್ಲಿ ವ್ಯಾಲೆಟ್ ಇಡುವುದೇ ಬೇಡ, ಡಿಸೇಬಲ್-ವ್ಯಾಲೆಟ್ 1 ಮಾಡಿ. ಎನ್‌ಸಿಡಿಎನ್‌ಎಸ್ ಅನ್ನು 127.0.0.1ಕ್ಕೆ ಮಾತ್ರ, 5391ರಂಥ ಖಾಲಿ ಪೋರ್ಟಿಗೆ ಬೈಂಡ್ ಮಾಡಿ, ಡಿಗ್‌ನಿಂದ (ಡಿಎನ್‌ಎಸ್ ಪ್ರಶ್ನೆ ಕೇಳುವ ಕಮಾಂಡ್) ನೇರವಾಗಿ ಆ ಪೋರ್ಟನ್ನೇ ಕೇಳಿ. ಇಲ್ಲಿ ಉತ್ತರ ಬಂದರೆ ಮಾತ್ರ ಮುಂದಿನದು.

ಈಗ ಅನ್‌ಬೌಂಡ್. ಮೊದಲನೆಯ ತಪ್ಪು ಫಾರ್ವರ್ಡ್-ಜೋನ್. ಫಾರ್ವರ್ಡ್ ಎಂದರೆ ಎದುರಿಗಿರುವುದು ರಿಕರ್ಸಿವ್ ಸರ್ವರ್, ಪೂರ್ತಿ ಉತ್ತರ ಹುಡುಕಿ ತಂದುಕೊಡುತ್ತದೆ ಎಂಬ ನಂಬಿಕೆ. ಎನ್‌ಸಿಡಿಎನ್‌ಎಸ್ ಹಾಗಲ್ಲ, ಅದು ಬಿಟ್ ಜೋನಿನ ಅಥಾರಿಟೇಟಿವ್ ಸರ್ವರ್, ಅಂದರೆ ತನ್ನ ಜೋನಿನ ದಾಖಲೆಗಳನ್ನಷ್ಟೇ ಹೇಳುತ್ತದೆ. ಚೈನಿನಲ್ಲಿ ಐಪಿ ವಿಳಾಸವನ್ನೇ ಬರೆದಿಟ್ಟ ಹೆಸರು ಹೇಗೋ ದಕ್ಕಬಹುದು, ಆದರೆ ಎನ್‌ಎಸ್ ಬರೆದು ಬೇರೆ ನೇಮ್‌ಸರ್ವರ್‌ಗೆ ಒಪ್ಪಿಸಿದ ಹೆಸರಿಗೆ "ಅಲ್ಲಿ ಹೋಗಿ ಕೇಳು" ಎಂಬ ರೆಫರಲ್ ಮಾತ್ರ ಬರುತ್ತದೆ, ಫಾರ್ವರ್ಡ್ ಅದನ್ನು ಹಿಂಬಾಲಿಸುವುದಿಲ್ಲ. ಆದ್ದರಿಂದ ಸ್ಟಬ್-ಜೋನ್ ಬರೆಯಿರಿ: ನೇಮ್ "ಬಿಟ್", ಸ್ಟಬ್-ಆಡ್ರ್ 127.0.0.1@5391. ಸ್ಟಬ್-ಫಸ್ಟ್ ಹಾಕಬೇಡಿ, ಎನ್‌ಸಿಡಿಎನ್‌ಎಸ್ ಬಿದ್ದ ದಿನ ನಿಮ್ಮ ಪ್ರಶ್ನೆಗಳು ರೂಟ್ ಸರ್ವರ್‌ಗಳಿಗೆ ಸೋರುತ್ತವೆ.

ಎರಡನೆಯದು ಒಂದೇ ಸಾಲು: ಡು-ನಾಟ್-ಕ್ವೆರಿ-ಲೋಕಲ್‌ಹೋಸ್ಟ್ ಎಂಬುದು ಡೀಫಾಲ್ಟ್ ಆಗಿ ಯೆಸ್ ಇರುತ್ತದೆ, ಅಂದರೆ ಅನ್‌ಬೌಂಡ್ 127.0.0.1ಕ್ಕೆ ಪ್ರಶ್ನೆಯನ್ನೇ ಕಳಿಸುವುದಿಲ್ಲ. ಸರ್ವರ್ ಭಾಗದಲ್ಲಿ ಅದನ್ನು ನೋ ಮಾಡಿ.

ಮೂರನೆಯದೇ ದೊಡ್ಡದು, ಡಿಎನ್‌ಎಸ್‌ಸೆಕ್, ಅಂದರೆ ಡಿಎನ್‌ಎಸ್ ಉತ್ತರಗಳಿಗೆ ಡಿಜಿಟಲ್ ಸಹಿ ಹಾಕಿ ತಪಾಸಣೆ ಮಾಡುವ ವ್ಯವಸ್ಥೆ. ಇಂಟರ್ನೆಟ್ಟಿನ ರೂಟ್ ಜೋನಿನಲ್ಲಿ ಬಿಟ್ ಎಂಬ ಟಾಪ್ ಲೆವೆಲ್ ಡೊಮೇನ್ ಇಲ್ಲ. ಇಲ್ಲ ಎಂಬುದಕ್ಕೆ ರೂಟ್ ಸಹಿ ಹಾಕಿದ ಎನ್‌ಸೆಕ್ ಪುರಾವೆಯನ್ನೇ ಕೊಡುತ್ತದೆ. ನಿಮ್ಮ ಸ್ಟಬ್ ಇದೆ ಎನ್ನುತ್ತದೆ, ರೂಟ್ ಇಲ್ಲ ಎಂದು ಸಹಿ ಹಾಕಿ ಹೇಳುತ್ತದೆ. ವ್ಯಾಲಿಡೇಟರ್ ರೂಟಿನ ಮಾತು ನಂಬಿ ಉತ್ತರವನ್ನು ಬೋಗಸ್ ಎಂದು ಎಸೆಯುತ್ತದೆ. ಸುಲಭದ ದಾರಿ ಡೊಮೇನ್-ಇನ್‌ಸೆಕ್ಯೂರ್ "ಬಿಟ್". ಒಂದೇ ಯಂತ್ರದ ಒಳಗಿನ ಹಾದಿಗೆ ಇದು ಸಾಕು, ಆದರೆ ಡಿಎಸ್ ದಾಖಲೆ (ಆ ಹೆಸರಿನ ಸಹಿ ಕೀಯ ಗುರುತು) ಇಟ್ಟು ಹೊರಗಿನ ಸರ್ವರ್‌ಗೆ ಒಪ್ಪಿಸಿದ ಹೆಸರುಗಳ ತಪಾಸಣೆಯೂ ಇದರಿಂದ ಹೋಗುತ್ತದೆ. ಹಾಗಾಗಿ ನನ್ನ ಮತ ಇನ್ನೊಂದು ದಾರಿಗೆ: ಡಿಎನ್‌ಎಸ್‌ಸೆಕ್-ಕೀಜೆನ್‌ನಿಂದ ಬಿಟ್ ಜೋನಿಗೆ ಒಂದು ಕೆಎಸ್‌ಕೆ (ಜೋನಿನ ಮುಖ್ಯ ಸಹಿ ಕೀ) ಮಾಡಿ, ಅದನ್ನು ಎನ್‌ಸಿಡಿಎನ್‌ಎಸ್‌ಗೆ ಕೊಡಿ, ಪಬ್ಲಿಕ್ ಕೀ ಫೈಲನ್ನು ಅನ್‌ಬೌಂಡಿನ ಟ್ರಸ್ಟ್-ಆಂಕರ್-ಫೈಲ್ (ಅದು ನೇರವಾಗಿ ನಂಬುವ ಕೀ) ಆಗಿ ತೋರಿಸಿ. ಡೊಮೇನ್-ಇನ್‌ಸೆಕ್ಯೂರ್ ಸಾಲನ್ನು ಆಗ ತೆಗೆದುಬಿಡಿ. ಕೀ ಬದಲಾಯಿಸಿದ ದಿನ ಆಂಕರ್ ಫೈಲನ್ನೂ ಬದಲಾಯಿಸಬೇಕು, ಇದು ಮರೆತರೆ ಇಡೀ ಜೋನ್ ಸತ್ತಂತೆ.

ತಪ್ಪು ಎಲ್ಲಿದೆ ಎಂದು ಹುಡುಕಲು ಡಿಗ್‌ಗೆ ಪ್ಲಸ್-ಸಿಡಿ ಸೇರಿಸಿ ಕೇಳಿ, ಅದು ತಪಾಸಣೆ ಬಿಟ್ಟು ಕೇಳುವ ಫ್ಲ್ಯಾಗ್. ಹಾಗೆ ಕೇಳಿದಾಗ ಉತ್ತರ ಬಂದು, ಇಲ್ಲದಾಗ ಸರ್ವ್‌ಫೇಲ್ ಆದರೆ ದೋಷ ಡಿಎನ್‌ಎಸ್‌ಸೆಕ್‌ನದು. ಎರಡಕ್ಕೂ ಸರ್ವ್‌ಫೇಲ್ ಆದರೆ ಅನ್‌ಬೌಂಡ್ ಎನ್‌ಸಿಡಿಎನ್‌ಎಸ್ ತನಕ ಮುಟ್ಟಿಯೇ ಇಲ್ಲವೋ, ಎನ್‌ಸಿಡಿಎನ್‌ಎಸ್ ನೋಡ್ ತನಕ ಮುಟ್ಟಿಲ್ಲವೋ. ಸರ್ವ್‌ಫೇಲ್ ಬದಲು ಎನ್‌ಎಕ್ಸ್‌ಡೊಮೇನ್ (ಅಂಥ ಹೆಸರೇ ಇಲ್ಲ) ಬಂದರೆ ಅಥಾರಿಟಿ ಭಾಗದ ಎಸ್‌ಒಎ ಸಾಲು (ಉತ್ತರ ಯಾವ ಜೋನಿನದು ಎಂದು ಹೇಳುವ ದಾಖಲೆ) ಓದಿ: ಅಲ್ಲಿ ಎ ಡಾಟ್ ರೂಟ್-ಸರ್ವರ್ಸ್ ಡಾಟ್ ನೆಟ್ ಕಂಡರೆ ಪ್ರಶ್ನೆ ರೂಟಿಗೆ ಹೋಗಿದೆ, ನಿಮ್ಮ ಸ್ಟಬ್ ಲೋಡ್ ಆಗಿಲ್ಲ. ಪ್ರತಿ ಬದಲಾವಣೆಯ ನಂತರ ಅನ್‌ಬೌಂಡ್-ಕಂಟ್ರೋಲ್‌ನಿಂದ ಫ್ಲಶ್-ಜೋನ್ ಬಿಟ್ ಕೊಡಿ. "ಇಲ್ಲ" ಎಂಬ ಹಳೆಯ ಉತ್ತರ ಡೀಫಾಲ್ಟ್ ಮಿತಿಯಲ್ಲಿ 3600 ಸೆಕೆಂಡ್ ತನಕ ಕ್ಯಾಶ್‌ನಲ್ಲಿ ಕೂತಿರಬಹುದು.

ಅನ್‌ಬೌಂಡ್ ಬದಲು ಬೈಂಡ್ ಎಂಬ ಡಿಎನ್‌ಎಸ್ ಸರ್ವರ್ ಬಳಸುವವರಿಗೂ ಒಂದು ಮಾತು: ಅಲ್ಲಿ ಸ್ಟ್ಯಾಟಿಕ್-ಸ್ಟಬ್ ಬೇಕು, ಅದು ಪೋರ್ಟ್ ಸಂಖ್ಯೆ ಒಪ್ಪುವುದಿಲ್ಲ, 53ನ್ನೇ ಕೇಳುತ್ತದೆ. ಲಿನಕ್ಸ್‌ನಲ್ಲಿ ಎನ್‌ಸಿಡಿಎನ್‌ಎಸ್ ಅನ್ನು 127.0.0.2ರ 53ನೇ ಪೋರ್ಟಿಗೆ ಕೂರಿಸಿದರೆ ಮುಗಿಯಿತು. ಬೈಂಡ್ ತಾನು ಆ ವಿಳಾಸವನ್ನೂ ಹಿಡಿಯದಂತೆ ಲಿಸನ್-ಆನ್ ನೋಡಿಕೊಳ್ಳಿ. ಡಿಎನ್‌ಎಸ್‌ಸೆಕ್ ತಪಾಸಣೆಯಿಂದ ಬಿಟ್ ಜೋನನ್ನು ಬಿಡಲು ವ್ಯಾಲಿಡೇಟ್-ಎಕ್ಸೆಪ್ಟ್ ಇದೆ. ಓಪನ್‌ನಿಕ್ ಎಂಬ ಪರ್ಯಾಯ ಡಿಎನ್‌ಎಸ್ ಜಾಲಕ್ಕೆ ಫಾರ್ವರ್ಡ್ ಮಾಡಿ ಎನ್ನುವ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಅವರು ಡಾಟ್ ಬಿಟ್ ಅನ್ನು 2019ರಲ್ಲೇ ಕೈಬಿಟ್ಟರು.

ಸರ್ವರ್ ಸರಿಯಾದ ಮೇಲೂ ಬ್ರೌಸರ್ ಕೈಕೊಡಬಹುದು. ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ (ಬ್ರೌಸರ್ ತಾನೇ ಹೊರಗಿನ ಡಿಎನ್‌ಎಸ್ ಸೇವೆಯನ್ನು ಕೇಳುವ ಸೆಟ್ಟಿಂಗ್) ಆನ್ ಆಗಿದ್ದರೆ ಅದು ನಿಮ್ಮ ಸರ್ವರನ್ನು ಕೇಳದೇ ಹೋಗಬಹುದು. ವಿಳಾಸದ ಕೊನೆಗೆ ಒಂದು ಸ್ಲ್ಯಾಷ್ ಹಾಕಿ, ಇಲ್ಲದಿದ್ದರೆ ಬಿಟ್ ಎಂಬುದು ಗೊತ್ತಿಲ್ಲದ ಬ್ರೌಸರ್ ಅದನ್ನು ಸರ್ಚ್‌ಗೆ ಕಳಿಸುತ್ತದೆ. ಸರ್ಟಿಫಿಕೇಟ್ ಎಚ್ಚರಿಕೆಯೂ ಬರುತ್ತದೆ. ಸಾರ್ವಜನಿಕ ಸರ್ಟಿಫಿಕೇಟ್ ಪ್ರಾಧಿಕಾರಗಳು ರೂಟಿನಲ್ಲಿಲ್ಲದ ಹೆಸರಿಗೆ ಸರ್ಟಿಫಿಕೇಟ್ ಕೊಡುವುದಿಲ್ಲ, ಅದನ್ನು ಡಿಎನ್‌ಎಸ್ ಸರ್ವರ್ ಕಡೆಯಿಂದ ಸರಿಪಡಿಸಲು ಬರುವುದಿಲ್ಲ.