ವೇದಿಕೆ ಮೇಲೆ ಯಾರನ್ನು ಹೇಗೆ ಕರೆಯಬೇಕು?

ಪ್ರಶ್ನೆ: ನಮ್ಮ ಸಂಸ್ಥೆಯ ಅಂತರರಾಷ್ಟ್ರೀಯ ಸಮ್ಮೇಳನದ ನಿರೂಪಣೆ ನನ್ನ ಹೆಗಲಿಗೆ ಬಿದ್ದಿದೆ. ಜಪಾನಿನ ಒಬ್ಬ ಪ್ರಾಧ್ಯಾಪಕಿ, ಸ್ಪೇನಿನ ಡಾಕ್ಟರು, ಬ್ರಿಟನ್ನಿನಲ್ಲಿ ‘ಸರ್’ ಬಿರುದು ಪಡೆದ ವಿಜ್ಞಾನಿ, ಜೊತೆಗೊಬ್ಬ ರಾಯಭಾರಿ ಬರುತ್ತಿದ್ದಾರೆ. ಯಾರ ಹೆಸರಿನಲ್ಲಿ ಯಾವುದು ಸರ್‌ನೇಮ್ ಅಂತಲೇ ಗೊತ್ತಾಗುತ್ತಿಲ್ಲ. ಸೇಫ್ ಆಗಿರಲಿ ಅಂತ ‘ಮಾನ್ಯ’, ‘ಪ್ರೊ.’, ‘ಡಾ.’ ಎಲ್ಲವನ್ನೂ ಸೇರಿಸಿಬಿಡಲಾ?

ಉತ್ತರ: ಬೇಡ. ಮರ್ಯಾದೆ ಜಾಸ್ತಿ ಆಗಲಿ ಅಂತ ಬಿರುದುಗಳನ್ನು ಪೇರಿಸಿದರೆ ಕೇಳುವವರಿಗೆ ಹೆಸರೇ ತಲುಪುವುದಿಲ್ಲ. ಹೆಸರಿಗೆ ಮುಂಚೆ ಒಂದು ಸಾಕು. ‘ಪ್ರೊಫೆಸರ್’ ಅಂದ ಮೇಲೆ ‘ಡಾಕ್ಟರ್’ ಬೇಕಿಲ್ಲ. ಜರ್ಮನಿ, ಆಸ್ಟ್ರಿಯಾ ಕಡೆ ಎರಡನ್ನೂ ಜೋಡಿಸಿ ಬರೆಯುವ ರೂಢಿ ಇದೆ. ಅದನ್ನು ಆಹ್ವಾನ ಪತ್ರಿಕೆಗೆ ಬಿಡಿ.

‘ಸರ್’ ಬಿರುದಿನ ವಿಷಯದಲ್ಲಿ ಎಡವುವವರೇ ಹೆಚ್ಚು. ಅದು ಅಂಟುವುದು ಮೊದಲ ಹೆಸರಿಗೆ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರಿಗೆ 2004ರಲ್ಲಿ ಈ ಗೌರವ ಬಂತು. ಅವರನ್ನು ‘ಸರ್ ಟಿಮ್’ ಅನ್ನಬೇಕು. ‘ಸರ್ ಬರ್ನರ್ಸ್-ಲೀ’ ತಪ್ಪು. ಹೆಂಡತಿಗಾದರೆ ಉಲ್ಟಾ, ‘ಲೇಡಿ’ ಪಕ್ಕ ಮನೆತನದ ಹೆಸರು ಬರುತ್ತದೆ. ಅದೇ ಗೌರವ ಮಹಿಳೆಗೆ ಬಂದರೆ ‘ಡೇಮ್’, ಅಲ್ಲೂ ಮೊದಲ ಹೆಸರೇ. ಇನ್ನೊಂದು ಅಪಾಯ ನಮ್ಮ ಬಾಯಿಯ ಅಭ್ಯಾಸದ್ದು. ಮೇಷ್ಟ್ರನ್ನು ಕರೆದ ಹಾಗೆ ‘ಟಿಮ್ ಸರ್’ ಅಂದರೆ ಬಿರುದು ಹೋಯಿತು, ಬರೀ ಸಲಿಗೆ ಉಳಿಯಿತು!

ರಾಯಭಾರಿಯದು ಸುಲಭ. ಪರಿಚಯಿಸುವಾಗ ‘ಘನತೆವೆತ್ತ’, ಇಂಗ್ಲಿಷಿನಲ್ಲಾದರೆ ‘ಹಿಸ್’ ಅಥವಾ ‘ಹರ್ ಎಕ್ಸೆಲೆನ್ಸಿ’. ಎದುರಿಗೆ ಮಾತಾಡುವಾಗ ‘ಯುವರ್ ಎಕ್ಸೆಲೆನ್ಸಿ’.

ನಿಜವಾದ ತಲೆನೋವು ಹೆಸರುಗಳದ್ದು. ಚೀನಾ, ಕೊರಿಯಾ, ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬಾನ್ ಕಿ-ಮೂನ್ ‘ಮಿಸ್ಟರ್ ಬಾನ್’, ‘ಮಿಸ್ಟರ್ ಮೂನ್’ ಅಲ್ಲ. ಇದು ಗೊತ್ತಿಲ್ಲದೆ ನಾನೇ ಒಮ್ಮೆ ಕೊರಿಯಾದ ಹಿರಿಯರೊಬ್ಬರನ್ನು ತುಂಬಿದ ಸಭೆಯಲ್ಲಿ ಅವರ ಮನೆಯವರಷ್ಟೇ ಕರೆಯುವ ಹೆಸರಿನಿಂದ ಕರೆದಿದ್ದೆ. ಪಾಪ, ನಗುತ್ತಾ ಎದ್ದು ಬಂದರು. ಮುಖ ಕೆಂಪಾಗಿದ್ದು ನನ್ನದು.

ಜಪಾನಿನವರದು ಇನ್ನೂ ಗೋಜಲು. ಅವರಲ್ಲೂ ಮನೆತನದ ಹೆಸರೇ ಮೊದಲು. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ತಿರುಗಿಸಿ ಕೊನೆಗೆ ಹಾಕುವುದು ಹಳೇ ಪದ್ಧತಿ. 2020ರ ಜನವರಿ 1ರಿಂದ ಅಲ್ಲಿನ ಸರ್ಕಾರ ತನ್ನ ಇಂಗ್ಲಿಷ್ ದಾಖಲೆಗಳಲ್ಲಿ ಮನೆತನದ ಹೆಸರನ್ನೇ ಮೊದಲು ಬರೆಯುತ್ತಿದೆ. ಹಾಗಾಗಿ ನಿಮ್ಮ ಪ್ರಾಧ್ಯಾಪಕಿ ಯಾವ ಕ್ರಮದಲ್ಲಿ ಬರೆದಿದ್ದಾರೆ ಅಂತ ಊಹಿಸಲು ಹೋಗಬೇಡಿ. ಇಮೇಲ್ ಸಹಿಯಲ್ಲಿ ಒಂದು ಭಾಗ ಮಾತ್ರ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿದ್ದರೆ ಸಾಮಾನ್ಯವಾಗಿ ಅದೇ ಮನೆತನದ ಹೆಸರು.

ಸ್ಪೇನಿನ ಡಾಕ್ಟರಿಗೆ ಬಹುಶಃ ಎರಡು ಸರ್‌ನೇಮ್ ಇರುತ್ತವೆ. ಸಾಮಾನ್ಯವಾಗಿ ಮೊದಲಿನದು ಅಪ್ಪನದು, ಎರಡನೆಯದು ಅಮ್ಮನದು. ಎರಡನ್ನೂ ಹೇಳಿ. ಕೊನೆಯದನ್ನು ಮಾತ್ರ ಹಿಡಿದುಕೊಂಡರೆ ಅಪ್ಪನ ಹೆಸರು ಬಿಟ್ಟಹಾಗೆ.

ಇಷ್ಟೆಲ್ಲ ತಿಳಿದಿದ್ದರೂ ಕೇಳಿಬಿಡುವುದೇ ವಾಸಿ. ಒಂದು ವಾರ ಮುಂಚೆ ಎರಡು ಸಾಲಿನ ಮೇಲ್ ಹಾಕಿ: ‘ವೇದಿಕೆಯಲ್ಲಿ ನಿಮ್ಮನ್ನು ಹೇಗೆ ಕರೆಯಲಿ? ಹೆಸರನ್ನು ನೀವೇ ಹೇಳಿ ಒಂದು ವಾಯ್ಸ್ ಮೆಸೇಜ್ ಕಳಿಸುತ್ತೀರಾ?’ ಇದನ್ನು ಅವಮಾನ ಅಂದುಕೊಂಡವರನ್ನು ನಾನು ಕಂಡಿಲ್ಲ. ಕೇಳಿಸಿಕೊಂಡಿದ್ದನ್ನು ಕಾರ್ಡಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಐರ್ಲೆಂಡಿನಲ್ಲಿ ಒಂದು ಹೆಸರಿದೆ. ಇಂಗ್ಲಿಷ್ ಅಕ್ಷರ ನೋಡಿದರೆ ‘ಸಿಯೋಭಾನ್’ ಅಂತ ಓದುತ್ತೇವೆ. ಅವರು ಹೇಳುವುದು ‘ಶಿವಾನ್’! ಕಾರ್ಡಿನಲ್ಲಿ ‘ಶಿವಾನ್’ ಅಂತಿದ್ದರೆ ನಾಲಿಗೆ ತಡವರಿಸುವುದಿಲ್ಲ, ಅಲ್ವಾ?

ಪ್ರಶ್ನೆ: ಅಷ್ಟಾದರೂ ಮೈಕಿನಲ್ಲಿ ಹೆಸರು ತಪ್ಪಿ ಹೋದರೆ?

ಉತ್ತರ: ‘ಕ್ಷಮಿಸಿ’ ಅನ್ನಿ, ಸರಿಯಾದ ಹೆಸರು ಹೇಳಿ, ಮುಂದಕ್ಕೆ ಹೋಗಿ. ‘ನಿಮ್ಮ ಹೆಸರು ತುಂಬಾ ಕಷ್ಟ’ ಅಂತ ಸುಮ್ನೆ ತಮಾಷೆ ಮಾಡಬೇಡಿ. ತಪ್ಪು ನಿಮ್ಮದು, ಹೆಸರಿನದಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಹೋಗಿ ಇನ್ನೊಮ್ಮೆ ಹೇಳಿಸಿಕೊಳ್ಳಿ. ವಂದನಾರ್ಪಣೆ ಬೇರೆಯವರದ್ದಾದರೆ, ತಿದ್ದಿದ ಕಾರ್ಡನ್ನು ಅದಕ್ಕೂ ಮೊದಲೇ ಅವರ ಕೈಗೆ ದಾಟಿಸಿ.